ಓಬೆಡ್ ಭಾವನ ಗಾಡಿ ಒಮ್ಮೆಯೂ ಕೆಟ್ಟಿಲ್ಲ

ನಮ್ಮ ಓಬೆಡ್ ಭಾವನ ಹಿಮಗಾಡಿ ನಲವತ್ತೊಂದು ಚಳಿಗಾಲಗಳಲ್ಲಿ ಒಂದೇ ಒಂದು ಸಲವೂ ದಾರಿಯಲ್ಲಿ ಕೆಟ್ಟು ನಿಂತಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವನೇ ಹೇಳುತ್ತಾನೆ. ಚಹಾ ಕುಡಿಯುವಾಗ ಹೇಳುತ್ತಾನೆ, ಸೀಲ್ ಮಾಂಸ ಕೊಯ್ಯುವಾಗ ಹೇಳುತ್ತಾನೆ, ಪ್ರಾರ್ಥನೆಗೆ ಕಣ್ಣು ಮುಚ್ಚುವ ಮೊದಲು ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ. ಸತ್ತವರ ಮನೆಗೆ ಹೋದರೂ ಬಿಡುವುದಿಲ್ಲ. "ಪಾಪ, ಬಂಗಾರದಂಥ ಮನುಷ್ಯ. ಗಾಡಿ ಮಾತ್ರ ಆಗಾಗ ಕೈ ಕೊಡ್ತಿತ್ತು. ನಂದು ನೋಡಿ..." ಎಂದು ಶುರು ಮಾಡುತ್ತಾನೆ. ಹೆಣಕ್ಕೆ ಕಿವಿ ಕೇಳಿಸಿದ್ದರೆ ಎದ್ದು ಹೊರಗೆ ಹೋಗುತ್ತಿತ್ತು.

ನಾನು ಅವನ ಹೆಂಡತಿ ಫೀನಕ್ಕನ ತಮ್ಮ, ಸೆಲ್ಬಿ. ನಮ್ಮೂರು ಕೆಟಲ್ ಕೋವ್‌ನಿಂದ ಹಿಡಿದು ಇಡೀ ಲ್ಯಾಬ್ರಡಾರ್ ಕರಾವಳಿಯಲ್ಲಿ ನನಗೂ ಒಂದು ಹೆಸರಿದೆ. ಕೆಟ್ಟ ಗಾಡಿ ಸೆಲ್ಬಿ. ನಾನು ಹೊರಟರೆ ಜನ ಕಿಟಕಿಯಿಂದ ನೋಡಿ, ಎಳೆದು ತರಲು ಹಗ್ಗ ಹುಡುಕಿಡುತ್ತಿದ್ದರು. ಒಂದು ದೊಡ್ಡ ಕಾಗೆಯಂತೂ ನನ್ನ ಗಾಡಿಯ ಸದ್ದನ್ನು ಗುರುತು ಹಿಡಿದಿತ್ತು. ಇಂಜಿನ್ ಒಂದು ಸಲ ಕೆಮ್ಮಿದರೆ ಸಾಕು, ಎರಡು ಮೈಲಿ ಮುಂದೆ ಹೋಗಿ ಸರಿಯಾಗಿ ನಾನು ನಿಲ್ಲಬೇಕಾದ ಜಾಗದಲ್ಲಿ ಕೂತು ಕಾಯುತ್ತಿತ್ತು, ನಾನು ಕೂತು ರೊಟ್ಟಿ ಬಿಚ್ಚುತ್ತೇನೆಂದು. ಆಮೇಲಾಮೇಲೆ ನಾನೇ ಅದಕ್ಕೂ ಸೇರಿಸಿ ರೊಟ್ಟಿ ಕಟ್ಟಿಕೊಂಡು ಹೋಗತೊಡಗಿದೆ. ಮೆಕ್ಯಾನಿಕ್ಕಿಗಿಂತ ಆ ಕಾಗೆಯ ಮಾತು ಹೆಚ್ಚು ಸರಿಯಾಗಿರುತ್ತಿತ್ತು.

ನಮ್ಮ ಊರಿಗೆ ರಸ್ತೆ ಇಲ್ಲ. ಸಮುದ್ರ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ಪಕ್ಕದ ಸೈಮನ್ ಬೇಗೆ ಹೋಗಿ ಬರುತ್ತೇವೆ. ಅರ್ಧ ದಾರಿಯಲ್ಲಿ ದಡದ ಮೇಲೆ ಒಂದು ಮರದ ಗುಡಿಸಲು. ಅದರೊಳಗೆ ಒಂದು ಒಲೆ, ಒಂದು ಕೆಟಲು, ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಪ್ಲಗ್ಗು, ಬೆಲ್ಟು, ಸ್ಟಾರ್ಟರ್ ಹಗ್ಗ ಇತ್ಯಾದಿ. ಯಾರ ಗಾಡಿ ಕೆಟ್ಟರೂ ತೆಗೆದುಕೊಳ್ಳಬಹುದು, ಕೇಳುವವರಿಲ್ಲ. ಆದರೆ ಮೊಳೆಗೆ ನೇತು ಹಾಕಿದ ಪುಸ್ತಕದಲ್ಲಿ ಹೆಸರು, ತಾರೀಕು, ಏನು ಕೆಟ್ಟಿತು, ಏನು ತೆಗೆದುಕೊಂಡೆ ಎಂದು ಬರೆಯಬೇಕು. ಮುಂದಿನ ಸಲ ಬರುವಾಗ ಅದೇ ಸಾಮಾನು ತಂದು ಡಬ್ಬಿಗೆ ಹಾಕಬೇಕು.

ಇನ್ನೊಂದು ಪದ್ಧತಿಯೂ ಇದೆ, ಅದು ಇದಕ್ಕಿಂತ ಕಟ್ಟುನಿಟ್ಟು. ಡಬ್ಬಿಯ ಸಾಮಾನಿನಿಂದಲೂ ಸರಿಹೋಗದೆ ಒಬ್ಬನ ಗಾಡಿಯನ್ನು ಇನ್ನೊಬ್ಬ ಹಗ್ಗ ಕಟ್ಟಿ ಎಳೆದು ತಂದರೆ, ಆ ಕತೆ ಎಳೆದವನದು. ಎಳೆಸಿಕೊಂಡವನು ಬಾಯಿ ಮುಚ್ಚಿಕೊಂಡು ಚಹಾ ಬಗ್ಗಿಸಬೇಕು. ಎಳೆದವನು ಏನು ಸೇರಿಸಿದರೂ, ಎಷ್ಟು ಸೇರಿಸಿದರೂ, "ಹಂಗಲ್ಲ ಅದು" ಎನ್ನುವ ಹಕ್ಕು ಅವನಿಗಿಲ್ಲ. ನನ್ನ ಬಗ್ಗೆ ಈ ಕರಾವಳಿಯಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರು ಒಂಬತ್ತು ಜನ ಇದ್ದಾರೆ.

ಆ ಪುಸ್ತಕದಷ್ಟು ಒಳ್ಳೆಯ ಓದು ನಮ್ಮೂರಲ್ಲಿ ಇನ್ನೊಂದಿಲ್ಲ. ಕೆಝಾಯ ಅತ್ತೆಯ ಬೆಲ್ಟು ಹರಿದಾಗ ಡಬ್ಬಿ ಖಾಲಿಯಿತ್ತಂತೆ. ಆಕೆ ಮೂರು ಜೊತೆ ಉಣ್ಣೆಯ ಕಾಲುಚೀಲ ಬಿಚ್ಚಿ, ಜಡೆ ಹೆಣೆದು, ಬೆಲ್ಟಿನ ಜಾಗಕ್ಕೆ ಹಾಕಿದಳು. ಗಾಡಿ ಮನೆಯವರೆಗೆ ಓಡಿತು. "ಇಂಜಿನ್‌ಗೆ ಬೆಚ್ಚಗಾಗಿ ನಿಲ್ಲಲು ಮನಸ್ಸಾಗಲಿಲ್ಲ, ಮನೆ ಸುತ್ತ ನಾಲ್ಕು ಸುತ್ತು ಹೊಡೆಯಿತು" ಎಂದು ಬರೆದಿದ್ದಾಳೆ. ಗಾರ್ಲ್ಯಾಂಡ್ ಚಿಕ್ಕಪ್ಪನದು ಇನ್ನೂ ಸೊಗಸು. ಸಮುದ್ರದ ನಡುವೆ ಅವನ ಇಂಜಿನ್ ನಿಂತಿತು. ಅವನು ಚಹಾ ಕಾಯಿಸಲು ಕೂತ. ಅಷ್ಟರಲ್ಲಿ ಕೆಳಗಿನ ಮಂಜುಗಡ್ಡೆ ಬಿರುಕು ಬಿಟ್ಟು, ಅವನನ್ನೂ ಗಾಡಿಯನ್ನೂ ಕೆಟಲನ್ನೂ ಹೊತ್ತು ತೇಲಿ, ಸೀದಾ ಅವನ ಮನೆಯ ಬಾಗಿಲಿಗೇ ತಂದು ಬಿಟ್ಟಿತು. ಅವನು ಮಾರನೇ ವಾರ ಗುಡಿಸಲಿಗೆ ಬಂದು ಬರೆದದ್ದು ಇಷ್ಟೇ: "ಇಂಜಿನ್ ಕೆಟ್ಟಿದ್ದರಿಂದ ಎರಡು ಗಂಟೆ ಉಳಿಯಿತು." ಸುಳ್ಳು ಅನ್ನಿಸಿದರೆ ಅವನನ್ನೇ ಕೇಳಿ. ಸಮಾಧಿ ಚರ್ಚಿನ ಹಿಂದೆ, ಎಡಗಡೆ.

ಇಷ್ಟು ಜನರ ಹೆಸರಿರುವ ಆ ಪುಸ್ತಕದಲ್ಲಿ ಓಬೆಡ್ ಭಾವನ ಹೆಸರು ಮಾತ್ರ ಇರಲಿಲ್ಲ. ಒಂದು ಪುಟದಲ್ಲೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಗುಡಿಸಲಿನ ಮಾಡು ಹಿಮದ ಭಾರಕ್ಕೆ ಬಾಗಿತು. ಹೊಸದು ಕಟ್ಟುವವರೆಗೆ ಹಳೇ ಪುಸ್ತಕವನ್ನು ಚರ್ಚಿನಲ್ಲಿ ಇಡೋಣ ಎಂದು ಡ್ರುಸಿಲ್ಲಮ್ಮ ಹೇಳಿದರು. ಚರ್ಚಿನ ಹಿರಿಯರು ಅವರೇ, ತುತ್ತೂರಿ ಮೇಳದ ಯಜಮಾನಿಯೂ ಅವರೇ. ಈಸ್ಟರ್‌ಗೆ ನಮ್ಮ ಮೇಳ ಮೂವತ್ತು ಗಾಡಿ ಕಟ್ಟಿಕೊಂಡು ಸೈಮನ್ ಬೇಗೆ ಹೋಗಿ ಅಲ್ಲಿ ತುತ್ತೂರಿ ಊದುತ್ತದೆ. ಮುಂದಿನ ಗಾಡಿ ದಾರಿ ಮಾಡುತ್ತಾ ಹೋಗಬೇಕು, ಅದರ ಹಿಂದೆ ಉಳಿದವರು ಸಾಲಾಗಿ. ಸೈಮನ್ ಬೇಯ ಜನ ಮಂಜಿನ ಮೇಲೆ ಬಂದು ನಿಂತು ಮೊದಲು ಕೈ ಕುಲುಕುವುದು ಮುಂದಿನ ಗಾಡಿಯವನದನ್ನೇ. ಇಪ್ಪತ್ತು ವರ್ಷ ಆ ಕೆಲಸ ಮಾಡಿದ ವಿಲ್ಫ್ ಮುದುಕನಿಗೆ ಕಣ್ಣು ಮಂಜಾಗಿ, ಈ ಸಲ ಹೊಸಬರು ಬೇಕಾಗಿತ್ತು.

"ಈ ಭಾನುವಾರ ಪ್ರಾರ್ಥನೆ ಆದ್ಮೇಲೆ ಪುಸ್ತಕ ಓದೋಣ" ಎಂದರು ಡ್ರುಸಿಲ್ಲಮ್ಮ. "ಯಾರ ಹೆಸರು ಕಡಿಮೆ ಇದೆಯೋ ಅವರು ಮುಂದೆ ಹೋಗ್ಲಿ. ಸೆಲ್ಬಿ, ನೀನೇ ಹೋಗಿ ತಗೊಂಡ್ ಬಾ. ಆ ಗುಡಿಸಲಿನಲ್ಲಿ ನಿನ್ನಷ್ಟು ಸಂಸಾರ ಮಾಡಿದೋರು ಬೇರೆ ಯಾರಿದ್ದಾರೆ?"

ಓಬೆಡ್ ಭಾವ ಆಗಲೇ ಟೊಪ್ಪಿ ಸರಿಮಾಡಿಕೊಂಡು, ಸೈಮನ್ ಬೇಯವರ ಕೈ ಕುಲುಕುವವನಂತೆ ನಿಂತಿದ್ದ. ಅರವತ್ತೊಂಬತ್ತು ವರ್ಷದ ಅವನಿಗೆ ಬದುಕಿನಲ್ಲಿ ಉಳಿದ ಆಸೆ ಅದೊಂದೇ, ಒಂದು ಸಲ ಮುಂದೆ ಹೋಗಬೇಕು. ವಿಲ್ಫನ ಹಿಂದೆ ಇಪ್ಪತ್ತು ವರ್ಷ ಹೊಗೆ ಕುಡಿದಿದ್ದ.

ನಾನು ಹೋದೆ. ಆಶ್ಚರ್ಯವೆಂದರೆ ಗಾಡಿ ಕೆಡಲಿಲ್ಲ. ಕಾಗೆಗೆ ಬಹಳ ಬೇಸರವಾಗಿರಬೇಕು. ಒಲೆ ಹಚ್ಚಿ, ಚಹಾ ಇಟ್ಟು, ಸುಮ್ಮನೆ ಕೂರಲಾರದೆ ಪುಸ್ತಕ ತೆರೆದೆ. ಅಲ್ಲಿಯವರೆಗೆ ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವನೇ ಅಲ್ಲ. ಅದರಲ್ಲಿ ನನ್ನ ಹೆಸರು ಕಂಡರೆ ಪುಟ ಮಗುಚಿಬಿಡುತ್ತಿದ್ದೆ. ಈ ಸಲ ಎಣಿಸಿದೆ. ಸೆಲ್ಬಿ, ಇಪ್ಪತ್ತೇಳು ಸಲ.

ನನಗೆ ನೆನಪಿದ್ದದ್ದು ಒಂಬತ್ತು. ಹಾಗಾದರೆ ಉಳಿದ ಹದಿನೆಂಟು ಯಾರ ಮಕ್ಕಳು?

ಒಂದೊಂದಾಗಿ ಓದಿದೆ. "ಸೆಲ್ಬಿ. ಬೆಲ್ಟು ಹರಿಯಿತು. ಅಗಲದ್ದು ತೆಗೆದುಕೊಂಡೆ." "ಸೆಲ್ಬಿ. ಮತ್ತೆ ಬೆಲ್ಟು. ಅಗಲದ್ದು." ನನ್ನ ಗಾಡಿಗೆ ಹಾಕುವುದು ಕಿರಿದಾದ ಬೆಲ್ಟು. ಅಷ್ಟಗಲದ ಬೆಲ್ಟು ಹಾಕುವ ಹಳೇ ಗಾಡಿ ನಮ್ಮ ಊರಿನಲ್ಲಿ ಒಂದೇ ಒಂದು ಇದೆ, ಅದು ಒಮ್ಮೆಯೂ ಕೆಟ್ಟಿಲ್ಲ! ಆಮೇಲೆ ಎರಡು ವರ್ಷದ ಹಿಂದಿನ ಫೆಬ್ರವರಿ ಹನ್ನೆರಡು: "ಸೆಲ್ಬಿ. ಪ್ಲಗ್ಗು ಸುಟ್ಟಿತು. ಚಹಾ ಚೆನ್ನಾಗಿತ್ತು." ಆ ಹನ್ನೆರಡನೇ ತಾರೀಕು ನಾನು ವಿಮಾನದಲ್ಲಿ ಹೋಗಿ, ಪಟ್ಟಣದ ದೊಡ್ಡಾಸ್ಪತ್ರೆಯ ಮಂಚದ ಮೇಲೆ ಪಿತ್ತಕೋಶದ ಕಲ್ಲು ತೆಗೆಸಿಕೊಂಡು, ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಮಲಗಿದ್ದೆ. ಚಹಾ ಇರಲಿ, ನೀರೂ ಕೊಟ್ಟಿರಲಿಲ್ಲ.

ಇಷ್ಟು ವರ್ಷ ಗುಡಿಸಲಿಗೆ ಹೋಗಿ ಬಂದವರು "ಸೆಲ್ಬಿ, ಅಗಲದ ಬೆಲ್ಟು ತಗೊಂಡಿದ್ದೀಯ, ವಾಪಸ್ ಇಡಪ್ಪ" ಎಂದಾಗಲೆಲ್ಲ ನಾನು ಪಟ್ಟಣದಿಂದ ಅಗಲದ ಬೆಲ್ಟು ತರಿಸಿ ಡಬ್ಬಿಗೆ ಹಾಕುತ್ತಿದ್ದೆ. ನನ್ನ ಗಾಡಿಗೆ ಹೊಂದದ ಬೆಲ್ಟನ್ನು ನಾನೇಕೆ ತೆಗೆದುಕೊಂಡೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಮರೆವಿನ ಕಾಯಿಲೆ ಬಂದಿದೆ ಎಂದುಕೊಂಡು, ನರ್ಸಮ್ಮನ ಹತ್ತಿರ ಹೋಗಿ ನೆನಪಿನ ಮಾತ್ರೆ ಬೇರೆ ಕೇಳಿದ್ದೆ. ಬುದ್ಧಿಗೆ ಮಾತ್ರೆ ಕೇಳಬೇಕಿತ್ತು.

ಶನಿವಾರ ಮಧ್ಯಾಹ್ನ ಓಬೆಡ್ ಭಾವ ನನ್ನ ಮನೆಗೆ ಬಂದ. ಕೈಯಲ್ಲಿ ಒಣಗಿಸಿದ ಮೀನು, ಒಂದು ಬಾಟಲಿ ಹಣ್ಣಿನ ಜಾಮು. ಮದುವೆಯಾದಾಗಿನಿಂದ ಅವನು ನನಗೆ ಕೊಟ್ಟದ್ದೆಂದರೆ ಸಲಹೆ ಒಂದೇ.

"ಏನಪ್ಪ ಭಾಮೈದ, ಹೆಂಗಿದ್ದೀಯ?" ಎಂದ.

"ಇದ್ದೀನಿ ಭಾವ. ಹದಿನೆಂಟು ಸಲ ನನಗೇ ಗೊತ್ತಿಲ್ದಂಗೆ ದಾರಿಯಲ್ಲಿ ನಿಂತು ಸುಸ್ತಾಗಿದೆ."

ಅವನು ಮೀನನ್ನು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತಾ ಕೂತ. "ಓದಿಬಿಟ್ಯಾ?"

"ಫೆಬ್ರವರಿ ಹನ್ನೆರಡಕ್ಕೆ ನಾನೆಲ್ಲಿದ್ದೆ ಹೇಳು ನೋಡೋಣ."

"ಗುಡಿಸಲಲ್ಲಿ."

"ಆಸ್ಪತ್ರೆಯಲ್ಲಿ! ಕಲ್ಲು ತೆಗೆಸ್ಕೊಂಡು ಬಿದ್ದಿದ್ದೆ."

"ಹೌದಲ್ವಾ." ಅವನು ಸ್ವಲ್ಪ ಯೋಚಿಸಿದ. "ಎಷ್ಟು ದೊಡ್ಡ ಕಲ್ಲು?"

"ಮಾತು ತಿರುಗಿಸ್ಬೇಡ. ಯಾಕೆ ಬರೆದೆ?"

ಅವನು ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಟೊಪ್ಪಿ ಇಲ್ಲದೆ ಅವನನ್ನು ನಾನು ನೋಡಿದ್ದು ಚರ್ಚಿನಲ್ಲಿ ಮಾತ್ರ.

"ನಿಮ್ಮಪ್ಪನಿಂದ" ಎಂದ. "ಫೀನಳನ್ನ ಕೇಳೋಕೆ ಬಂದಾಗ ಏನಂದ ಗೊತ್ತಾ? ಗಾಡಿ ಕೆಡಿಸ್ಕೊಂಡು ನನ್ನ ಮಗಳನ್ನ ಮಂಜುಗಡ್ಡೆ ಮೇಲೆ ಕೂರ್ಸೋ ಗಂಡಿಗೆ ಹೆಣ್ಣು ಕೊಡಲ್ಲ ಅಂದ. ಮದುವೆಗೆ ಎರಡು ದಿನ ಇದೆ ಅನ್ನೋವಾಗ ಗುಡಿಸಲ ಹತ್ರ ಬೆಲ್ಟು ಹರೀತು. ನಿಮ್ಮಪ್ಪ ವಾರಕ್ಕೊಂದ್ಸಲ ಹೋಗಿ ಆ ಪುಸ್ತಕ ಓದ್ಕೊಂಡು ಬರ್ತಿದ್ದ, ಅವನಿಗೆ ಅದೇ ಪೇಪರು. ನನ್ನ ಹೆಸರು ಬರೆದ್ರೆ ಮದುವೆ ಗೋವಿಂದ."

"ಅದಕ್ಕೆ ನನ್ನ ಹೆಸರು?"

"ನಿಂದು ಹೆಂಗಿದ್ರೂ ಕೆಡ್ತಿತ್ತಲ್ಲೋ. ನಿಮ್ಮಪ್ಪನಿಗೆ ಅನುಮಾನ ಬರಲ್ಲ."

"ಭಾವ, ಅಪ್ಪ ಹೋಗಿ ಇಪ್ಪತ್ತಾರು ವರ್ಷ ಆಯ್ತು."

"ಕೈಗೆ ಅಭ್ಯಾಸ ಆಗ್ಬಿಟ್ಟಿತ್ತು ಕಣೋ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಒಣಮೀನು ಅಗಿಯುತ್ತಾ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಓಬೆಡ್ ಭಾವ ಎದ್ದು ಬಾಗಿಲ ತನಕ ಹೋಗಿ ತಿರುಗಿದ.

"ನಾಳೆ ನೀನು ಹೇಳಿದ್ರೆ ಮುಂದಿನ ಗಾಡಿ ಹೋಗುತ್ತೆ, ಹೋಗ್ಲಿ. ನಲವತ್ತೊಂದು ವರ್ಷ ಹೇಳ್ಕೊಂಡು ಬಂದಿದ್ದೀನಲ್ಲ, ಆಮೇಲೆ ನಾನು ಜನರ ಹತ್ರ ಏನು ಮಾತಾಡ್ಲಿ?"

ಇದು ಮಾತ್ರ ನಿಜವಾದ ತೊಂದರೆ. ಆ ಒಂದು ಮಾತು ತೆಗೆದುಬಿಟ್ಟರೆ ಓಬೆಡ್ ಭಾವನಲ್ಲಿ ಉಳಿಯುವುದು ಟೊಪ್ಪಿ ಮಾತ್ರ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಡ್ರುಸಿಲ್ಲಮ್ಮ ಕನ್ನಡಕ ಹಾಕಿಕೊಂಡು ಓದಲು ಕೂತರು. ಊರಿಗೆ ಊರೇ ಚಹಾ ಹಿಡಿದು ಕೂತಿತ್ತು. ನನ್ನ ಹೆಸರು ಬಂದಾಗಲೆಲ್ಲ ಜನ ಒಟ್ಟಿಗೆ "ಸೆಲ್ಬೀ!" ಎಂದು ಕೂಗುತ್ತಿದ್ದರು. ಸುವಾರ್ತೆ ಓದುವಾಗ ಇಷ್ಟು ಉತ್ಸಾಹ ಇದ್ದಿದ್ದರೆ ನಮ್ಮ ಪಾದ್ರಿಗಳು ಪಟ್ಟಣಕ್ಕೆ ವರ್ಗ ಮಾಡಿಸಿಕೊಂಡು ಹೋಗುತ್ತಲೇ ಇರಲಿಲ್ಲ. ಮೂಲೆಯ ಬೆಂಚಿನಲ್ಲಿ ಓಬೆಡ್ ಭಾವ ಟೊಪ್ಪಿ ಹಿಂಡುತ್ತಿದ್ದ. ಪಕ್ಕದಲ್ಲಿ ಫೀನಕ್ಕ ಏನೂ ಆಗದವಳಂತೆ ಕೈಗವಸು ಹೆಣೆಯುತ್ತಿದ್ದಳು.

ಫೆಬ್ರವರಿ ಹನ್ನೆರಡು ಬಂತು. ಡ್ರುಸಿಲ್ಲಮ್ಮ ಓದಿ ನಿಂತರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಸೆಲ್ಬಿ, ಅವತ್ತು ನೀನು ಆಸ್ಪತ್ರೆಯಲ್ಲಿ ಇದ್ಯಲ್ಲ? ನಾನೇ ವಿಮಾನದೋರ ಕೈಲಿ ಬಿಳಿಕೋಳಿ ಸಾರು ಕಳಿಸಿದ್ದೆ."

ಅರವತ್ತು ಜೊತೆ ಕಣ್ಣು ನನ್ನ ಮೇಲೆ. ಓಬೆಡ್ ಭಾವನ ಕಣ್ಣು ಮಾತ್ರ ನೆಲದ ಮೇಲೆ.

ನಾನು ಎದ್ದು ನಿಂತೆ. ನಿಜ ಹೇಳಲೆಂದೇ ಎದ್ದದ್ದು. ಆದರೆ ನನ್ನ ಬಾಯಿಗೆ ನಿಜ ಹೇಳಿ ಅಭ್ಯಾಸ ಕಡಿಮೆ.

"ಇದ್ದೆ ಡ್ರುಸಿಲ್ಲಮ್ಮ" ಎಂದೆ. "ನಿಮ್ಮ ಸಾರು ಕುಡಿದೆ ನೋಡಿ, ಅದೇ ಆಗಿದ್ದು. ಮೈಯಲ್ಲಿ ಏನು ಶಕ್ತಿ ಬಂತು ಅಂತೀರಿ! ಕೊಳವೆ ಕಿತ್ತು ಹಾಕಿ, ಆಸ್ಪತ್ರೆ ಗೌನಲ್ಲೇ ಹೊರಗೆ ಬಂದು, ಕಸ ಸಾಗಿಸೋ ಹಿಮಗಾಡಿ ಹತ್ತಿ ಊರ ಕಡೆ ಹೊರಟೆ. ಹಿಂದ್ಗಡೆ ಗೌನು ತೆರೆದಿರುತ್ತೆ ನೋಡಿ, ಗಾಳಿ ಅದ್ರೊಳಗೆ ತುಂಬ್ಕೊಂಡು ಹಾಯಿ ಥರ ಆಗಿ, ಗಾಡಿಗೆ ಪೆಟ್ರೋಲೇ ಬೇಕಾಗ್ಲಿಲ್ಲ. ಅಷ್ಟು ದೂರ ಬಂದಿದ್ದೀನಿ, ಗುಡಿಸಲ ಹತ್ರ ಪ್ಲಗ್ಗು ಸುಟ್ಟೋಯ್ತು. ಹೊಸದು ಹಾಕ್ದೆ. ಚಹಾ ಕುಡಿದ್ಮೇಲೆ ನೆನಪಾಯ್ತು, ಹೊಲಿಗೆ ಬಿಚ್ಚಿಲ್ಲ ಅಂತ. ವಾಪಸ್ ಹೋಗಿ ಮಲ್ಕೊಂಡೆ."

ಗಾರ್ಲ್ಯಾಂಡ್ ಚಿಕ್ಕಪ್ಪನ ಮಗ ಬೆಂಚು ಬಡಿಯತೊಡಗಿದ. ಡ್ರುಸಿಲ್ಲಮ್ಮ ನಗದೆ, ಬಹಳ ಹೊತ್ತು ನನ್ನನ್ನು ನೋಡಿ, ಆಮೇಲೆ ಓಬೆಡ್ ಭಾವನನ್ನು ನೋಡಿದರು.

"ನನ್ನ ಸಾರಿಗೆ ಅಷ್ಟು ಶಕ್ತಿ ಇದೆ ಅಂತ ಗೊತ್ತಿರಲಿಲ್ಲ" ಎಂದು ಪುಟ ತಿರುಗಿಸಿದರು.

ಮುಂದಿನ ಗಾಡಿ ಓಬೆಡ್ ಭಾವನಿಗೆ ಸಿಕ್ಕಿತು. ನನ್ನನ್ನು ಪದ್ಧತಿಯಂತೆ ಸಾಲಿನ ಕೊನೆಗೆ ಹಾಕಿದರು, ಕೆಟ್ಟರೆ ಯಾರಿಗೂ ಅಡ್ಡ ಆಗಬಾರದೆಂದು.

ಈಸ್ಟರ್‌ನ ಹಿಂದಿನ ದಿನ ಬೆಳಿಗ್ಗೆ ದಡದ ಮೇಲೆ ಮೂವತ್ತು ಗಾಡಿ ಸಾಲಾಗಿ ನಿಂತವು. ಮುಂದೆ ಓಬೆಡ್ ಭಾವ, ಅವನ ಹಿಂದಿನ ಜಾರುಬಂಡಿಯಲ್ಲಿ ದೊಡ್ಡ ತುತ್ತೂರಿಯನ್ನು ಮಗುವಿನಂತೆ ತಬ್ಬಿಕೊಂಡ ಫೀನಕ್ಕ. ಹೊರಡುವ ಮೊದಲು ಭಾವ ಒಬ್ಬೊಬ್ಬರ ಹತ್ತಿರವೂ ಹೋಗಿ, ನಲವತ್ತೊಂದು ವರ್ಷದ ವಿಷಯ ಯಾರಿಗಾದರೂ ಮರೆತಿದೆಯೇ ಎಂದು ವಿಚಾರಿಸಿದ. ಅವನದು ಹಳೇ ಟೂ ಸ್ಟ್ರೋಕ್ ಇಂಜಿನ್, ಪೆಟ್ರೋಲಿಗೆ ಕೈಯಾರೆ ಎಣ್ಣೆ ಬೆರೆಸಬೇಕು. ಈಗಿನ ಗಾಡಿಗಳಿಗೆ ಆ ರಗಳೆ ಇಲ್ಲ, ಅವುಗಳ ಕೆಂಪು ಕ್ಯಾನಿನಲ್ಲಿರುವುದು ಬರೀ ಪೆಟ್ರೋಲು. ಓಬೆಡ್ ಭಾವನ ಕ್ಯಾನೂ ಕೆಂಪೇ. ಇಪ್ಪತ್ತೊಂಬತ್ತು ಜನರಿಗೆ ತನ್ನ ಗಾಡಿ ಕೆಡದ ಗುಟ್ಟು ಹೇಳುತ್ತಾ ಹೇಳುತ್ತಾ, ಎಣ್ಣೆಯ ಬಾಟಲಿಯನ್ನು ಎಡಗೈಯಲ್ಲೇ ಹಿಡಿದುಕೊಂಡು, ಪಕ್ಕದವರ ಕ್ಯಾನಿನ ಬರೀ ಪೆಟ್ರೋಲನ್ನು ಟ್ಯಾಂಕಿಗೆ ಸುರಿದುಕೊಂಡ. ಬಾಟಲಿಯನ್ನು ಹಾಗೇ ಜೇಬಿಗೆ ಹಾಕಿಕೊಂಡು ಹೊರಟ.

ಎಣ್ಣೆ ಕಾಣದ ಇಂಜಿನ್ ಎಷ್ಟು ದೂರ ಓಡುತ್ತದೆ? ಮನುಷ್ಯನ ಜಂಬ ಎಳೆಯುವಷ್ಟು ದೂರ. ಗುಡಿಸಲು ಕಣ್ಣಿಗೆ ಕಾಣುವಷ್ಟರಲ್ಲಿ ಮುಂದಿನಿಂದ "ಕ್ರೀಂಯ್" ಎಂದು ಒಂದು ಕೂಗು ಬಂತು. ನನಗೆ ಆ ಕೂಗು ಗೊತ್ತು. ಎಣ್ಣೆಯಿಲ್ಲದೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುವಾಗ ಹಂದಿಯೂ ಹಾಗೆ ಕೂಗುವುದಿಲ್ಲ. ಸಾಲಿನ ಗಾಡಿಗಳೆಲ್ಲ ಒಂದರ ಹಿಂದೊಂದು ನಿಂತವು. ಸುಟ್ಟ ಕಬ್ಬಿಣದ ವಾಸನೆ ಕೊನೆಯಲ್ಲಿದ್ದ ನನ್ನ ತನಕ ಬಂತು. ಗುಡಿಸಲಿನ ಮಾಡಿನ ಮೇಲೆ ನನ್ನ ಕಾಗೆ ಕೂತಿತ್ತು. ಅದೂ ನಂಬಲಾರದೆ ತಲೆ ಓರೆ ಮಾಡಿ ನೋಡುತ್ತಿತ್ತು.

ನಾನು ಗಾಡಿ ಸಮೇತ ಮುಂದಕ್ಕೆ ಹೋಗಿ ಎಳೆಯುವ ಹಗ್ಗ ಬಿಚ್ಚಿದೆ. ಓಬೆಡ್ ಭಾವ ಸ್ಟಾರ್ಟರ್ ಹಗ್ಗವನ್ನು ಎಳೆಯುತ್ತಿದ್ದ, ಅದು ಕಲ್ಲಿಗೆ ಕಟ್ಟಿದಂತೆ ಅಲ್ಲಾಡುತ್ತಿರಲಿಲ್ಲ. ಅವನ ಜೇಬಿನಿಂದ ಎಣ್ಣೆ ಬಾಟಲಿಯ ಕತ್ತು ಇಣುಕುತ್ತಿತ್ತು. ಫೀನಕ್ಕ ಜಾರುಬಂಡಿಯಿಂದ ಇಳಿದು, ತುತ್ತೂರಿಯನ್ನು ಪಕ್ಕದಲ್ಲಿಟ್ಟು, ಮಂಜಿನ ಮೇಲೆ ಆರಾಮಾಗಿ ಕೂತಳು.

"ಅಪ್ಪ ಇದ್ದಿದ್ರೆ ನನ್ನ ವಾಪಸ್ ಮನೆಗೆ ಕರ್ಕೊಂಡು ಹೋಗ್ತಿದ್ದ" ಎಂದಳು.

"ಅಕ್ಕ, ನಿನಗೆ ಎಲ್ಲಾ ಗೊತ್ತಿತ್ತಾ?"

"ಇವರು ಬೆಲ್ಟು ಹಾಕೋವಾಗೆಲ್ಲ ಸ್ಪ್ಯಾನರ್ ಹಿಡ್ಕೊಂಡು ನಿಂತಿದ್ದೋಳು ನಾನೇ ಅಲ್ವೇನೋ? ಚಹಾ ಚೆನ್ನಾಗಿತ್ತು ಅಂತ ಸುಮ್ನೆ ಬರೆದ್ರಾ? ಮಾಡಿದ್ದು ನಾನು."

ಯಾರೂ ನಗಲಿಲ್ಲ. ಮೂವತ್ತು ಜನ ಒಟ್ಟಿಗೆ ನಗದೆ ನಿಲ್ಲುವುದು ಬಹಳ ಕಷ್ಟದ ಕೆಲಸ, ಕೆಲವರು ಬೆನ್ನು ತಿರುಗಿಸಿದರು. ಡ್ರುಸಿಲ್ಲಮ್ಮ ಮಾತ್ರ ಗುಡಿಸಲಿನ ಕಡೆ ಕೈ ತೋರಿಸಿದರು. ಅಲ್ಲಿ ಮೊಳೆಗೆ ಹೊಸ ಪುಸ್ತಕ ನೇತಾಡುತ್ತಿತ್ತು, ಇನ್ನೂ ಯಾರೂ ಬರೆದಿರಲಿಲ್ಲ.

"ಎಳೆಸ್ಕೊಂಡ್ರೂ ಬರೀಬೇಕು ಓಬೆಡ್" ಎಂದರು.

ಅವನು ಒಳಗೆ ಹೋದ. ಬಾಗಿದ ಮಾಡಿನ ಕೆಳಗೆ ಬಗ್ಗಿ ಪೆನ್ಸಿಲ್ ಹಿಡಿದು ನಿಂತ. ಬಾಗಿಲಲ್ಲಿ ನಾವೆಲ್ಲ ಇಣುಕಿದೆವು. ಅವನ ಕೈ ಒಂದು ಸಲ ಪುಟದ ಮೇಲೆ ಹೋಗಿ ವಾಪಸ್ ಬಂತು. ಅಭ್ಯಾಸ, ಪಾಪ.

"ಸೆಲ್ಬಿ, ಇವತ್ತು ಎಷ್ಟನೇ ತಾರೀಕು?" ಎಂದ.

ಹೇಳಿದೆ. ಬಹಳ ಹೊತ್ತು ಬರೆದು, ಪುಸ್ತಕ ಮುಚ್ಚಿ, ನನ್ನ ಮುಖ ನೋಡದೆ ಹೊರಗೆ ಬಂದು ತಾನೇ ತನ್ನ ಗಾಡಿಯನ್ನು ನನ್ನ ಹಗ್ಗಕ್ಕೆ ಕಟ್ಟಿದ. ಅವನಿಲ್ಲದೆ ಮುಂದೆ ಹೋಗಲು ಯಾರಿಗೂ ಮನಸ್ಸಿಲ್ಲದೆ, ನನ್ನ ಹಿಂದೆ ಹಗ್ಗದಲ್ಲಿ ಅವನು, ಅವನ ಹಿಂದೆ ಉಳಿದವರು ಎಂದು ಹೋದೆವು. ಹಾಗಾಗಿ ಮಂಜಿನ ಮೇಲೆ ಸಾಲಾಗಿ ನಿಂತಿದ್ದ ಸೈಮನ್ ಬೇಯವರು ಮೊದಲು ಕೈ ಕುಲುಕಿದ್ದು ನನ್ನದು. ನನ್ನ ಗಾಡಿ ಅಂದು ಒಂದು ಸಲವೂ ಕೆಮ್ಮಲಿಲ್ಲ, ನಾಚಿಕೆಯಿಂದ ಇರಬೇಕು.

ಎರಡನೇ ಕೈ ಓಬೆಡ್ ಭಾವನದು. ಆ ಮುದುಕನಿಗೆ ಅಷ್ಟಾದರೂ ಸಿಕ್ಕಿತು.

ಎಳೆದವನು ನಾನು, ಕತೆ ನನ್ನದು. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ, ನನ್ನ ಎದುರಿನ ಕುರ್ಚಿಯಲ್ಲಿ ಕೂತು ಅವನು ಚಹಾ ಬಗ್ಗಿಸುತ್ತಿದ್ದಾನೆ, "ಹಂಗಲ್ಲ ಅದು" ಎನ್ನುವಂತಿಲ್ಲ. ಆದರೆ ವಾಪಸ್ ಬರುವಾಗ ನಾನು ಗುಡಿಸಲಿಗೆ ಹೋಗಿ ಪುಸ್ತಕ ತೆರೆದು ನೋಡಿದೆ. ಮೊದಲನೇ ಪುಟ, ಮೊದಲನೇ ಸಾಲು, ದೊಡ್ಡ ದೊಡ್ಡ ಅಕ್ಷರ:

"ಓಬೆಡ್. ಪಿಸ್ಟನ್ ಸೀಜ್. ಸೆಲ್ಬಿ ಎಳೆದ. ಜೀವನದಲ್ಲಿ ಮೊದಲನೇ ಸಲ."